ಕಡಲು ಕಲಿತ ಮಾತು

ಕಾಪುವಿನ ಕಡಲಲ್ಲಿ ತಾರಾನಾಥ ಶಶಿಕಲಾಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಈಜುತ್ತಾ ಅವಳು ದಿಕ್ಕು ತಪ್ಪಿದರೆ ದೋಣಿಯ ಅಂಚಿಗೆ ಹುಟ್ಟುಗೋಲಿನಿಂದ ಟಕ್ ಟಕ್ ಎಂದು ಬಡಿಯುವುದು, ಅಷ್ಟೇ. ನೀರಿನ ಮೇಲೆ ಹೆಸರು ಕರೆದರೆ ಕಡಲು ಅದನ್ನು ಕಲಿತುಕೊಳ್ಳುತ್ತದೆ ಎಂಬುದು ಅವನ ಮನೆಯ ಹಿರಿಯರ ನಂಬಿಕೆ.

"ದಡದಲ್ಲಾದರೂ ಕರೆಯಬಹುದು ಅಲ್ವಾ?" ಎಂದು ಅವಳು ಕೆಣಕಿದರೆ ಅವನ ಕಿವಿ ಕೆಂಪಾಗುತ್ತಿತ್ತು, ನೋಟ ಮರಳಿಗೆ ಇಳಿಯುತ್ತಿತ್ತು.

ಗದಗದ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದ ಬಸಯ್ಯನ ಮಗಳು ಅವಳು. ಅಪ್ಪ ಟೈಲ್ಸ್ ಹಾಕಿದ ಈಜುಕೊಳದಲ್ಲೇ ಕೈಕಾಲು ಬಡಿಯಲು ಕಲಿತು ರಾಜ್ಯ ಚಾಂಪಿಯನ್ ಆದವಳು. ಆಮೇಲೆ ಕಡಲ ಹುಚ್ಚು ಹಿಡಿಯಿತು. ಪ್ರಾಕ್ಟೀಸಿಗೆ ಜೊತೆಯಾಗಿ ದೋಣಿ ತಂದವನು ತಾರಾನಾಥ. ಈಗ ಸ್ಪೋರ್ಟ್ಸ್ ಕೋಟಾದಲ್ಲಿ ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸ ಸಿಕ್ಕಿ, ಸೋಮವಾರ ಹೊರಡಬೇಕಿತ್ತು. ಅವನು ಒಂದು ಮಾತು ಹೇಳಿಯಾನೆಂದು ಕಾದು ಕಾದು, 2004ರ ಆ ಜನವರಿಯ ಬೆಳಗ್ಗೆ ಕೊನೆಯ ಸಲ ನೀರಿಗಿಳಿದಳು.

ಎಲ್ಲಿಂದಲೋ ಮಂಜು ಬಂತು. ಮೊದಲು ದೀಪಸ್ತಂಭವನ್ನು ನುಂಗಿತು, ಆಮೇಲೆ ದೋಣಿಯನ್ನು. ಅಲೆಗಳ ಸದ್ದೂ ಅಡಗಿತು.

"ಶಶಿ."

ತಾರಾನಾಥನ ಸ್ವರ. ಕೊನೆಗೂ ಕರೆದನಲ್ಲ ಎಂದು ಅವಳ ಎದೆ ತುಂಬಿ ಬಂತು. ಆ ಕಡೆಗೇ ಕೈ ಬೀಸಿದಳು.

"ಹೋಗಬೇಡ ಶಶಿ. ನೀನಿಲ್ಲದಿದ್ದರೆ ಈ ಕಡಲು ನನಗೆ ಬರೀ ನೀರು. ಇಲ್ಲೇ ಇರು."

ಎಷ್ಟು ಈಜಿದರೂ ಆ ಸ್ವರ ಅಷ್ಟೇ ದೂರದಲ್ಲಿತ್ತು. ನೀರು ತಣ್ಣಗಾಗುತ್ತಾ ಹೋಯಿತು. ಆಗ ಹಿಂದೆ, ಬಹಳ ಹಿಂದೆ, ಹುಟ್ಟಿನ ಟಕ್ ಟಕ್ ಕೇಳಿಸಿತು.

ದೋಣಿ ಹಿಂದೆ ಇದ್ದರೆ ಮುಂದಿನಿಂದ ಕರೆಯುತ್ತಿರುವುದು ಯಾರು?

ಮೈ ಜುಮ್ಮೆಂದರೂ ಅವಳು ತಿರುಗಲಿಲ್ಲ. ಆ ಮಾತನ್ನು ಇನ್ನೊಮ್ಮೆ, ಒಂದೇ ಒಂದು ಸಲ, ಕೇಳಬೇಕೆನಿಸಿತು. ಅಷ್ಟರಲ್ಲಿ ಬಡಿತ ನಿಂತಿತು. ನೀರಿಗೆ ಏನೋ ಧುಮುಕಿದ ಸದ್ದು.

ತಾರಾನಾಥನಿಗೆ ಈಜು ಬರುತ್ತಿರಲಿಲ್ಲ.

ಯಾವ ಪದಕಕ್ಕೂ ಅವಳು ಹಾಗೆ ಈಜಿರಲಿಲ್ಲ. ಕೂದಲು ಹಿಡಿದು ಮೇಲೆತ್ತಿ, ಹೇಗೋ ದೋಣಿಗೆ ಹತ್ತಿಸಿದ ಮೇಲೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು, ಅಪ್ಪನ ಊರಿನ ಮಾತಿನಲ್ಲಿ.

"ಈಜಾಕ ಬರಂಗಿಲ್ಲ ನಿನಗ. ಯಾಕ ಹಾರಿದಿ?"

ಅವನು ಕೆಮ್ಮುತ್ತಲೇ ಹೇಳಿದ. "ಆ ಸ್ವರ ನನಗೂ ಕೇಳಿಸಿತು. ನಾನು ಕರೆದರೆ ನೀವು ಬರುತ್ತಿರಲಿಲ್ಲ. ಮುಳುಗಿದರೆ ಬರುತ್ತೀರಿ ಅಂತ ಗೊತ್ತಿತ್ತು."

ಆಮೇಲೆ ತಲೆ ತಗ್ಗಿಸಿ ಒಪ್ಪಿಕೊಂಡ. ಹಿಂದಿನ ಸಂಜೆ ಒಬ್ಬನೇ ದೋಣಿಯಲ್ಲಿ ಕೂತು, ಅವಳಿಗೆ ಹೇಳಬೇಕಾದ್ದನ್ನೆಲ್ಲ ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದ್ದನಂತೆ, ಹೆಸರು ಹಿಡಿದೇ. ಹಿರಿಯರ ಮಾತು ನೆನಪಾದಾಗ ಹೇಳಿ ಮುಗಿದಿತ್ತು.

"ಈಗ ನೀನೇ ಹೇಳು. ನನ್ನ ಮುಖ ನೋಡಿಕೊಂಡು ಹೇಳು," ಎಂದಳು ಅವಳು.

ಅವನು ನೋಡಿದ. ರೆಪ್ಪೆಯ ತುದಿಯಲ್ಲಿ ಉಪ್ಪುನೀರು ನಡುಗುತ್ತಿತ್ತು.

"ನಿನ್ನೆ ಹೇಳಿದ್ದು ತಪ್ಪು. ನೀವು ಹುಬ್ಬಳ್ಳಿಗೆ ಹೋಗಬೇಕು. ನನಗೆ ಕಡಲೂ ಬೇಕು, ನೀವೂ ಬೇಕು. ಬಸ್ಸು ಉಂಟಲ್ವಾ, ನಾನು ಬರುತ್ತೇನೆ."

ಅವಳು ನಗಲು ಬಾಯಿ ತೆರೆದಳು.

"ಶಶಿ," ಎಂದಿತು ಮಂಜಿನೊಳಗಿಂದ ಅವನ ಸ್ವರ, ಈಗ ಇನ್ನಷ್ಟು ಹತ್ತಿರದಲ್ಲಿ.

ಅವಳು ಸರಕ್ಕನೆ ಅವನ ತುಟಿಗಳ ಮೇಲೆ ಅಂಗೈ ಇಟ್ಟಳು.

"ಹೋಗಬೇಡ ಶಶಿ."

ಅಂಗೈಯಡಿಯ ತುಟಿಗಳು ಅಲುಗಲಿಲ್ಲ. ಬೆಚ್ಚಗಿದ್ದವು. ಅವಳು ಕೈ ತೆಗೆಯಲಿಲ್ಲ.