ಗುಡ್ಡದ ಕ್ಯಾಮೆರಾ, ಬಾಗಿದ ಗೆರೆ

“ನಾಳೆ ನನ್ನನ್ನ ಕೆಲಸದಿಂದ ತೆಗೀತಾರೆ ಸಾರ್. ನಾನೇನೂ ತಪ್ಪು ಮಾಡಿಲ್ಲ.”

1987ರ ಮಾತು. ಅಜ್ಜಂಪುರದಲ್ಲಿ ನಿವೃತ್ತ ಇನ್ಸ್‌ಪೆಕ್ಟರ್ ತಿಮ್ಮರಾಯಪ್ಪನವರ ಜಗಲಿಯಲ್ಲಿ ಕೂತಿದ್ದವಳು ಪಂಕಜಾಕ್ಷಿ. ಊರಾಚೆಯ ಗುಡ್ಡದಲ್ಲಿ ನಕ್ಷತ್ರಗಳ ಫೋಟೋ ತೆಗೆಯುವ ಕೇಂದ್ರದಲ್ಲಿ ಹೊಸ ಕ್ಯಾಮೆರಾ ಪರೀಕ್ಷಿಸುವುದು ಅವಳ ಕೆಲಸ. ಊರಿನ ಕಳ್ಳತನ, ಮೋಸದ ದೂರುಗಳೆಲ್ಲ ತಿಮ್ಮರಾಯಪ್ಪನವರ ಬಾಗಿಲಿಗೇ ಬರುತ್ತಿದ್ದವು. ಹೋದಲ್ಲೆಲ್ಲ ಅವರ ಹಿಂದೆ ನಾನು, ರೈತ ಕರಿಯಣ್ಣ.

“ಪರೀಕ್ಷೆಗೆ ಕ್ಯಾಮೆರಾ ಮುಂದೆ ಉರಿಸೋ ದೀಪ ಒಂದೇ. ಬೆಳಕು ಬೀಳೋ ಹೊತ್ತು ಎರಡರಷ್ಟಾದ್ರೆ ಕ್ಯಾಮೆರಾ ತೋರಿಸೋ ಅಂಕಿನೂ ಎರಡರಷ್ಟಾಗ್ಬೇಕು. ಗೆರೆ ಎಳೆದ್ರೆ ನೆಟ್ಟಗಿರಬೇಕು. ನನ್ನದು ಕೊನೇಲಿ ಬಾಗ್ತಿದೆ. ನಾನೇ ಕ್ಯಾಮೆರಾ ಕೆಡಿಸಿದೆ ಅಂತಾರೆ ನಮ್ಮ ಮೇಲ್ವಿಚಾರಕ ಓಂಕಾರಮೂರ್ತಿಯವರು.”

“ದೀಪ ಯಾರ ಸುಪರ್ದಿಲಿದೆ?”

“ಅವರದೇ. ಬೀಗ ಹಾಕಿದ ಪೆಟ್ಟಿಗೇಲಿರುತ್ತೆ, ಕಿಂಡಿಯಿಂದ ಬೆಳಕಷ್ಟೇ ಹೊರಗೆ ಬರೋದು.”

ಮಧ್ಯಾಹ್ನವೇ ಗುಡ್ಡ ಹತ್ತಿದೆವು. ಓಂಕಾರಮೂರ್ತಿ ತಮ್ಮ ಕ್ವಾರ್ಟರ್ಸಿನಲ್ಲಿ ಕೂರಿಸಿ ಕಾಫಿ ಕೊಟ್ಟರು. ಟಿವಿಯಲ್ಲಿ ಕ್ರಿಕೆಟ್. “ಪಾಪದ ಹುಡುಗಿ, ಕೈ ಪಳಗಿಲ್ಲ” ಎಂದು ಲೊಚಗುಟ್ಟಿದರು. ಅಷ್ಟರಲ್ಲಿ ಕೆಳಗಿನ ಹೊಲಗಳಿಗೆ ತ್ರೀ ಫೇಸ್ ಕರೆಂಟ್ ಬಂತು. ನಮ್ಮವರ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದವು. ತಲೆ ಮೇಲಿನ ಬಲ್ಬು ಕೆಂಪಗಾಯಿತು. ಟಿವಿ ಚಿತ್ರ ಮಾತ್ರ ಒಂದಿಷ್ಟೂ ಕುಗ್ಗಲಿಲ್ಲ. ತಿಮ್ಮರಾಯಪ್ಪನವರು ಕಾಫಿ ಮುಗಿಸಿ ಎದ್ದರು.

ಮರುದಿನ ಮುಖ್ಯಸ್ಥ ಕಲ್ಲೇಶಪ್ಪನವರ ಎದುರು ಎಲ್ಲರೂ ಕ್ಯಾಮೆರಾ ಕೋಣೆಯಲ್ಲಿ ಸೇರಿದೆವು.

“ಬೆಳಕು ಬೀಳೋ ಹೊತ್ತು ಬದಲಾಯಿಸದೆ ಫೋಟೋ ತೆಗೀತಾ ಹೋಗಮ್ಮ” ಎಂದರು ತಿಮ್ಮರಾಯಪ್ಪ.

ಅಂಕಿ ಒಂದೇ ಸಮ ಬಂತು. ಕೆಳಗೆ ಪಂಪುಗಳು ಶುರುವಾದದ್ದೇ ತಡ, ಕುಸಿಯಿತು.

“ಹೊತ್ತು ಬದಲಾಗಿಲ್ಲ, ಅಂಕಿ ಇಳೀತು. ಹಾಗಾದ್ರೆ ಮಂಕಾಗಿದ್ದು ದೀಪ. ಈಕೆ ಯಾವಾಗ್ಲೂ ಕಮ್ಮಿ ಹೊತ್ತಿಂದ ಶುರು ಮಾಡಿ ಜಾಸ್ತಿ ಹೊತ್ತಿಗೆ ಬರ್ತಾಳೆ. ಜಾಸ್ತಿ ಹೊತ್ತಿನ ಸರದಿ ಬರೋದೇ ಪಂಪು ಓಡುವಾಗ. ಗೆರೆ ಬಾಗಿದ್ದು ಅದಕ್ಕೇ. ಪೆಟ್ಟಿಗೆ ತೆಗೀರಿ.”

ಓಂಕಾರಮೂರ್ತಿ ಕೀಲಿ ತಿರುಗಿಸಿ ತೆಗೆದರು. ಒಳಗೆ ದೀಪದ ವೈರು ನೇರ ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಪಕ್ಕದ ಧೂಳಿನಲ್ಲಿ ಚೌಕಾಕಾರದ ಖಾಲಿ ಗುರುತು.

“ವೋಲ್ಟೇಜ್ ಏರಿಳಿಯದ ಹಾಗೆ ಕಾಯೋ ಸ್ಟೆಬಿಲೈಜರ್ ಇಲ್ಲಿತ್ತು” ಎಂದರು ತಿಮ್ಮರಾಯಪ್ಪ. “ ನಿನ್ನೆ ಬಲ್ಬು ಮಂಕಾದರೂ ಇವರ ಟಿವಿ ಅಲುಗಲಿಲ್ಲ. ಅದು ಇವರ ಟಿವಿ ಹಿಂದಿದೆ.”

ಓಂಕಾರಮೂರ್ತಿ ಹಲ್ಲು ಕಿರಿದರು. “ಮ್ಯಾಚ್ ಮುಗಿದ ಮೇಲೆ ಇಡೋಣ ಅಂತ...”

ಥೂ! ಆಟ ನೋಡುವ ಚಪಲಕ್ಕೆ ಒಂದು ಹೆಣ್ಣಿನ ಅನ್ನ ಕಿತ್ತುಕೊಳ್ಳಲು ಹೊರಟಿದ್ದ ಮನುಷ್ಯ. ಅವನ ಮನೆಯ ಕಾಫಿ ಕುಡಿದೆನಲ್ಲ!

“ಹೋಗ್ಲಿ, ಮನ್ನಿಸಿಬಿಡಮ್ಮ. ಕೇಂದ್ರದ ಮರ್ಯಾದೆ ಪ್ರಶ್ನೆ” ಎಂದರು ಕಲ್ಲೇಶಪ್ಪ. ಅದೂ ಅಸಹ್ಯವೇ.

ಪಂಕಜಾಕ್ಷಿ ದನಿ ಏರಿಸಲಿಲ್ಲ. “ಟಿವಿ ನೋಡಿದ್ದನ್ನ ಮನ್ನಿಸ್ತೀನಿ ಸಾರ್. ನಾನು ಅಳ್ತಾ ಕೂತಾಗ ಎಲ್ಲ ಗೊತ್ತಿದ್ದೂ ಇವರು ದಿನಾ ಬಂದು ‘ಊಟ ಮಾಡಿದ್ಯಾ ತಾಯಿ’ ಅಂತಿದ್ರಲ್ಲ, ಅದನ್ನ ಮನ್ನಿಸಲ್ಲ. ಇವರಿರೋ ತನಕ ನಾನು ಕ್ಯಾಮೆರಾ ಮುಟ್ಟಲ್ಲ.”

ಕ್ಯಾಮೆರಾ ನಡೆಸಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಲ್ಲೇಶಪ್ಪ ಒಮ್ಮೆ ಅವಳನ್ನು, ಒಮ್ಮೆ ಓಂಕಾರಮೂರ್ತಿಯನ್ನು ನೋಡಿ, ಅವರ ಕೈಲಿದ್ದ ಪೆಟ್ಟಿಗೆಯ ಕೀಲಿಗೆ ಕೈ ಚಾಚಿದರು.