ನಾಲ್ಕು ನಿಮಿಷ ಹಿಂದಿದ್ದ ಗಡಿಯಾರ

2025ರ ಮಾರ್ಚ್ 9, ಭಾನುವಾರ, ಮಧ್ಯಾಹ್ನ 3 ಗಂಟೆ 52 ನಿಮಿಷ. ಮೌನ ಶಿಬಿರದ ಆಫೀಸಿನಲ್ಲಿ ಕೈಗಡಿಯಾರ ಬಿಚ್ಚಿಡುವ ಮುಂಚೆ ನಾನು ನೋಡಿದ ಕೊನೆಯ ಸಮಯ ಅದು.

ಮೇಜಿನ ಆಚೆ ಕೂತಿದ್ದವಳು ಗಡಿಯಾರವನ್ನು ಲಕೋಟೆಗೆ ಹಾಕಿ ಅಂಟಿಸಿದಳು.

"ಪೆನ್ನು?"

"ಪೆನ್ನೂ ಕೊಡಬೇಕಾ?"

"ಹತ್ತು ದಿನ ಬರೆಯೋ ಹಾಗಿಲ್ಲ, ಓದೋ ಹಾಗಿಲ್ಲ, ಇನ್ನೊಬ್ಬರ ಮುಖ ನೋಡೋ ಹಾಗೂ ಇಲ್ಲ."

"ಉಸಿರಾಡಬಹುದಾ?"

"ಇಲ್ಲಿ ಕೆಲಸ ಅಂತ ಇರೋದು ಅದೊಂದೇ." ನಗು ತುಟಿಯವರೆಗೆ ಬಂದು ಅಲ್ಲೇ ನಿಂತಿತು.

ಅವಳ ಹಿಂದೆ, ತೆರೆದ ಬಾಗಿಲಿನಾಚೆ, ಧ್ಯಾನದ ಹಾಲಿನ ಗೋಡೆಗಡಿಯಾರ ಕಾಣುತ್ತಿತ್ತು. 3 ಗಂಟೆ 48 ನಿಮಿಷ. ನನಗೆ ಸುಮ್ಮನಿರಲಾಗಲಿಲ್ಲ.

"ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದೆ."

"ಗೊತ್ತು," ಅಂದಳು. ಅಂದು, ನನ್ನ ಹಿಂದಿದ್ದವರ ಕಡೆ ಕೈ ಚಾಚಿದಳು. "ನಿಮ್ಮ ಫೋನ್ ಕೊಡಿ."

ಗೊತ್ತಿದ್ದೂ ಸರಿಮಾಡದವಳು! ನಾನು ಹನ್ನೊಂದು ವರ್ಷದಿಂದ ಅಳತೆ ಪ್ರಯೋಗಾಲಯದಲ್ಲಿ ಗಡಿಯಾರಗಳ ತಪ್ಪು ಹಿಡಿಯುವವನು. ಸೆಕೆಂಡಿನ ಕೋಟಿಯಲ್ಲೊಂದು ಪಾಲು ಆಚೀಚೆಯಾದರೂ ವರದಿ ಬರೆಯುವುದು ನನ್ನ ಕೆಲಸ. ಈಚೆಗೆ ಆ ವರದಿಗಳನ್ನು ಯಾರಿಗಾಗಿ ಬರೆಯುತ್ತಿದ್ದೇನೆ ಎಂಬುದೇ ತಿಳಿಯದಂತಾಗಿತ್ತು. ಬೆಳಗ್ಗೆ ಏಳುವಾಗ ಎದೆಯೊಳಗೆ ದೀಪವಿಲ್ಲದ ಕೋಣೆಯೊಂದು ಇದ್ದ ಹಾಗೆ. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದ್ದೆ. ಹತ್ತು ದಿನದಲ್ಲಿ ಒಳಗೇನೂ ಕಾಣದಿದ್ದರೆ ಹೋಗುತ್ತಾ ಅಂಚೆಗೆ ಹಾಕುವುದೆಂದು ತೀರ್ಮಾನ.

ಇಲ್ಲಿಗೆ ಕಳಿಸಿದ್ದು ಅಕ್ಕ. "ಹತ್ತು ದಿನ ಬಾಯಿ ಮುಚ್ಕೊಂಡಿರೋಕೆ ನಿನಗೇನು ಕಷ್ಟ? ಮನೇಲೂ ಅದನ್ನೇ ತಾನೇ ಮಾಡೋದು" ಎಂದಿದ್ದಳು.

ಮೌನ ಶುರುವಾಯಿತು. ಮುಖ ನೋಡಬಾರದೆಂಬ ನಿಯಮದಿಂದ ನನ್ನ ಪಾಲಿಗೆ ಬಂದದ್ದು ಅವಳ ಪಾದಗಳು ಮಾತ್ರ. ಬಲಗಾಲಿನ ಚಪ್ಪಲಿಯ ಬಾರಿಗೆ ನೀಲಿ ದಾರದ ಹೊಲಿಗೆ. ಧ್ಯಾನದ ಹಾಲಿನ ಗಂಟೆ ಬಾರಿಸುವುದೂ, ಸಮಯಕ್ಕೆ ಸರಿಯಾಗಿ ಬಾಗಿಲು ಮುಚ್ಚುವುದೂ ಅವಳ ಸೇವೆ. ಮೂರು ಹೊಡೆತ; ಮೂರನೆಯದು ಸ್ವಲ್ಪ ಮೆದು, ಮಲಗಿದ ಮಗುವಿನ ಕೋಣೆಯ ಬಾಗಿಲು ಎಳೆದುಕೊಂಡ ಹಾಗೆ. ಬಾಗಿಲು ಮುಚ್ಚಿದ ಮೇಲೆ ಬಂದವರು ಒಂದು ಗಂಟೆ ಹೊರಗಿನ ಬೆಂಚಿನಲ್ಲೇ ಕೂರಬೇಕು. ಎದ್ದು ಹೊರಗೆ ಹೋದವರಿಗೂ ಅದೇ ನಿಯಮ.

ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದರೆ ನನ್ನ ಮನಸ್ಸು ಆ ನಾಲ್ಕು ನಿಮಿಷವನ್ನೇ ಗಮನಿಸುತ್ತಿತ್ತು. ಎರಡನೆಯ ದಿನ ಸಂಜೆ ಎಲ್ಲರೂ ಹೋದ ಮೇಲೆ, ಒಂದು ಕಾಲು ಗಿಡ್ಡವಾಗಿದ್ದ ಸ್ಟೂಲು ಹತ್ತಿ, ಓಲಾಡುತ್ತಲೇ ಮುಳ್ಳನ್ನು ನಾಲ್ಕು ನಿಮಿಷ ಮುಂದೆ ತಳ್ಳಿದೆ.

ಬೆಳಗ್ಗೆ ನೋಡಿದರೆ ಮುಳ್ಳು ಮತ್ತೆ ಮೊದಲಿನ ಜಾಗಕ್ಕೆ ಸರಿದಿತ್ತು. ಸಂಜೆ ಮತ್ತೆ ತಳ್ಳಿದೆ. ಬೆಳಗ್ಗೆ ಮತ್ತೆ ಹಿಂದೆ.

ನಾಲ್ಕನೆಯ ದಿನ ಸ್ಟೂಲು ಮಾಯ. ತುದಿಗಾಲಲ್ಲಿ ನಿಂತು, ಪೊರಕೆಯ ಹಿಡಿಯಿಂದ ತಳ್ಳಿದೆ. ಐದನೆಯ ದಿನ ಸ್ಟೂಲು ವಾಪಸು ಬಂದಿತ್ತು. ಅದಕ್ಕೆ ನೀಟಾಗಿ ಒರಗಿಸಿಟ್ಟಿದ್ದ ಪೊರಕೆ. ತಿಂಡಿಯ ಹೊತ್ತಿಗೆ ಅವಳು ಊಟದ ಸಾಲಿನ ಆ ತುದಿಯಲ್ಲಿ ತಟ್ಟೆಗಳನ್ನು ಒರೆಸುತ್ತಿದ್ದಳು. ನಿಯಮ ಮುರಿದು ನೋಡಿದೆ. ಅವಳು ತಲೆ ಎತ್ತಲಿಲ್ಲ. ಕಿವಿಯ ಅಂಚು ಮಾತ್ರ ಕೆಂಪಾಯಿತು. ಒರೆಸಿದ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿದಳು.

ಸೋಲಬಾರದು ಅನಿಸಿತು. ಆರನೆಯ ದಿನ ಸಂಜೆಯವರೆಗೆ ಕಾಯದೆ, ಬೆಳಗಿನ ತಿಂಡಿಯ ಗಲಾಟೆಯಲ್ಲೇ ಮುಳ್ಳು ತಳ್ಳಿಬಂದೆ. ತಿಂಡಿ ಬಡಿಸಿ ಓಡೋಡಿ ಬಂದ ಅವಳು ಗಡಿಯಾರ ನೋಡಿದಳು, ಎಂಟಾಗಿತ್ತು, ಗಂಟೆ ಹೊಡೆದು ಬಾಗಿಲು ಮುಚ್ಚಿದಳು.

ನಾನು ಕಿಟಕಿಯ ಪಕ್ಕ ಕೂತಿದ್ದೆ. ಗೆದ್ದ ಖುಷಿಯಲ್ಲಿ ಕಣ್ಣು ಮುಚ್ಚಲಾಗಲಿಲ್ಲ. ಅದಕ್ಕೇ ಕಂಡಿತು.

ಅಂಗಳದ ಆ ಬದಿಯ ಮೂರನೆಯ ಕೋಣೆಯಿಂದ, ಅಲ್ಲೇ ಖಾಯಂ ಇರುವ ಅಜ್ಜಿ ಕೋಲೂರಿ ಬರುತ್ತಿದ್ದರು. ಒಂದು ಹೆಜ್ಜೆ, ಕೋಲು, ಇನ್ನೊಂದು ಹೆಜ್ಜೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಗಡಿಯಾರ. ಮುಚ್ಚಿದ ಬಾಗಿಲು ಕಂಡು ನಿಂತರು. ಗಡಿಯಾರ ನೋಡಿಕೊಂಡರು. ಕಿವಿಗೆ ಹಿಡಿದರು. ಅದೇ ಕೆಟ್ಟಿರಬೇಕೆಂದು ಒಮ್ಮೆ ಅಲ್ಲಾಡಿಸಿದರು. ಆಮೇಲೆ ಬೆಂಚಿನ ಮೇಲೆ ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡು, ಶಿಕ್ಷೆಗೆ ಒಳಗಾದ ವಿದ್ಯಾರ್ಥಿಯ ಹಾಗೆ ಕಣ್ಣು ಮುಚ್ಚಿದರು.

ತಮ್ಮ ಗಡಿಯಾರದಲ್ಲಿ ಎಂಟಾದಾಗ ಅಜ್ಜಿ ಕೋಣೆ ಬಿಡುತ್ತಾರೆ. ಇಲ್ಲಿ ಮುಟ್ಟುವಾಗ ಎಂಟು ನಾಲ್ಕು. ನಾನು ಮುಟ್ಟದಿದ್ದರೆ ಹಾಲಿನ ಗಡಿಯಾರದಲ್ಲಿ ಮಾತ್ರ ಆಗ ಎಂಟು.

ಎದ್ದೆ. ಬಾಗಿಲ ಬಳಿ ಅವಳಿದ್ದಳು. ಅವಳೂ ಕಿಟಕಿಯಿಂದ ನೋಡಿದ್ದಳು. ನನ್ನನ್ನು ಮೊದಲ ಸಲ ನೇರವಾಗಿ ದಿಟ್ಟಿಸಿದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ಆ ಕಣ್ಣಲ್ಲಿ ನೀರಿತ್ತು. ಬಾಗಿಲು ತೆಗೆದು, ನಾನು ಹೊರಗೆ ಕಾಲಿಟ್ಟ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಳು.

ಅಜ್ಜಿಯ ಪಕ್ಕ ಕೂತೆ. ಕ್ಷಮೆ ಕೇಳಲು ಬಾಯಿ ತೆರೆಯುವಂತಿರಲಿಲ್ಲ. ಅಜ್ಜಿ ಕಣ್ಣು ತೆರೆಯದೆಯೇ ನನ್ನ ಮಂಡಿ ತಟ್ಟಿದರು, 'ನೀನೂ ಲೇಟಾ?' ಎನ್ನುವ ಹಾಗೆ.

ಐದು ದಿನ ಎಷ್ಟು ಒದ್ದಾಡಿದರೂ ನಿಲ್ಲದ ಮನಸ್ಸು ಆ ಬೆಂಚಿನಲ್ಲಿ ನಿಂತಿತು. ನಾನು ತಪ್ಪು ಎಂದುಕೊಂಡಿದ್ದು ಅಳತೆಯಾಗಿತ್ತು. ಯಾರೋ ಅಜ್ಜಿಯ ಹಿಂದೆ ನಡೆದು, ಹೆಜ್ಜೆ ಎಣಿಸಿ, ನಿಮಿಷ ಲೆಕ್ಕ ಹಾಕಿ, ಆಮೇಲೆ ಮುಳ್ಳು ಸರಿಸಿದ್ದರು. ಹನ್ನೊಂದು ವರ್ಷದಲ್ಲಿ ನಾನು ಮಾಡಿದ್ದೂ ಅಳತೆಯೇ. ಆದರೆ ಅದರ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ನಡೆದು ಬರುತ್ತಿರಬಹುದೆಂದು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ನನ್ನ ಸೆಕೆಂಡನ್ನು ನಂಬಿ ಎಲ್ಲೋ ಒಂದು ರೈಲು ಹಳಿ ಬದಲಿಸುತ್ತದೆ, ಎಲ್ಲೋ ಆಸ್ಪತ್ರೆಯಲ್ಲಿ ಔಷಧಿಯ ಹನಿ ಬೀಳುತ್ತದೆ. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಎದೆಯ ಆ ಕತ್ತಲ ಕೋಣೆಯಲ್ಲಿ ದೀಪ ಹತ್ತಿತೆಂದರೆ ಹೆಚ್ಚಾಯಿತು. ಒಂದು ಕಿಟಕಿ ಇದೆಯೆಂದು ತಿಳಿಯಿತು, ಅಷ್ಟೆ. ನನಗೆ ಅದೇ ಸಾಕಿತ್ತು.

ಒಂಬತ್ತಕ್ಕೆ ಬಾಗಿಲು ತೆರೆದು ಎಲ್ಲರೂ ಹೊರಟ ಮೇಲೆ ಅವಳು ಸ್ಟೂಲು ತಂದಳು. ನಾನು ಆಗಲೇ ಮುಳ್ಳನ್ನು ನಾಲ್ಕು ನಿಮಿಷ ಹಿಂದಿಡುತ್ತಿದ್ದೆ, ಪೊರಕೆಯ ಹಿಡಿಯಿಂದ. ಅವಳು ನೋಡುತ್ತಾ ನಿಂತಳು. ನೀಲಿ ದಾರದ ಚಪ್ಪಲಿ ಅಲ್ಲಿಂದ ತುಂಬ ಹೊತ್ತು ಕದಲಲಿಲ್ಲ.

ಆಮೇಲಿನ ನಾಲ್ಕು ದಿನ ಮೂರನೆಯ ಹೊಡೆತ ಇನ್ನೂ ಮೆದುವಾಗಿ ಕೇಳಿಸಿತು. ನನ್ನ ಭ್ರಮೆಯಿರಬಹುದು. ಅಳೆಯಲು ಹೋಗಲಿಲ್ಲ.

ಮಾರ್ಚ್ 20, ಗುರುವಾರ ಹತ್ತು ಗಂಟೆಗೆ ಮೌನ ಮುಗಿಯಿತು. ಹನ್ನೊಂದು ನಲವತ್ತಕ್ಕೆ ಬಸ್ಸು. ಆಫೀಸಿನಲ್ಲಿ ಲಕೋಟೆ ಹಿಂದಿರುಗಿಸುತ್ತಾ ಅವಳೇ ಶುರುಮಾಡಿದಳು.

"ಬೈಯೋದಿದ್ರೆ ಈಗ ಬೈರಿ. ಪರ್ಮಿಷನ್ ಇದೆ."

"ಬೈಸಿಕೊಳ್ಳೋದಿದೆ. ಮೊದಲ ದಿನವೇ ಹೇಳಬಾರದಿತ್ತಾ?"

"ನಿಮ್ಮ ಹಿಂದೇನೇ ಅಜ್ಜಿ ನಿಂತಿದ್ರು, ಎಲ್ಲರ ಹೆಸರು ಸರಿಯಾಗಿ ಬರ್ಕೊಂಡಿದೀನಾ ಅಂತ ನೋಡೋಕೆ. ಸಾಲಿನ ಗಲಾಟೇಲಿ ನೀವಂದಿದ್ದು ಅವರಿಗೆ ಕೇಳಿಸದೇ ಇದ್ದದ್ದೇ ಪುಣ್ಯ. ಮೂವತ್ತಾರು ವರ್ಷ ಹೆಡ್ ಮಿಸ್ ಆಗಿದ್ದೋರು. ಹೋದ ವರ್ಷ ಬಿದ್ದರು. ನಿಮಗೋಸ್ಕರ ಬಾಗಿಲು ತೆಗೆದಿಡ್ತೀವಿ ಅಂದ್ರೆ, 'ಬಾಗಿಲು ಯಾರಿಗೂ ಕಾಯಬಾರದು' ಅಂದ್ರು. ಬೇಗ ಹೊರಡಿ ಅಂದ್ರೆ, 'ಎಂಟಕ್ಕೆ ಅಂದ್ರೆ ಎಂಟಕ್ಕೇ.' ಅದಕ್ಕೆ ಗಡಿಯಾರಕ್ಕೇ ಹೇಳಿದ್ವಿ."

"ಅಳೆದಿದ್ದು ನೀವಾ?"

"ಬಿದ್ದವರಿಗೆ ನಡೆಯೋದು ಕಲಿಸೋದೇ ನನ್ನ ಕೆಲಸ. ಫಿಸಿಯೋಥೆರಪಿ. ಹೆಜ್ಜೆ ಎಣಿಸೋದು ಚಾಳಿಯಾಗಿಬಿಟ್ಟಿದೆ." ದನಿ ತಗ್ಗಿಸಿದಳು. "ಈಗ ನಾಲ್ಕು ನಿಮಿಷ ಸಾಲ್ತಿಲ್ಲ ಅನ್ಸತ್ತೆ. ಬಾಗಿಲು ಹಾಕೋ ಮುಂಚೆ ಚಪ್ಪಲಿ ಸರಿಮಾಡೋ ನಾಟಕ ಆಡ್ತಾ ಕಾಯ್ತಿದ್ದೆ, ಅವತ್ತೊಂದು ದಿನ ಗಡಿಬಿಡೀಲಿ ಮರೆತೆ. ಬಾರು ಕಿತ್ತುಬರೋಷ್ಟು ಆಡಿದೀನಿ."

ನಕ್ಕೆ. ಅವಳೂ ನಕ್ಕಳು; ಈ ಸಲ ನಗು ತುಟಿ ದಾಟಿ ಬಂತು.

ಮಾತು ಎಲ್ಲೆಲ್ಲೋ ಹೋಯಿತು. ನನ್ನ ಪ್ರಯೋಗಾಲಯ, ಅವಳ ಆಸ್ಪತ್ರೆ, ನಮ್ಮಕ್ಕನ ಬಾಯಿ. ದೂರದಲ್ಲಿ ಹಾರ್ನ್ ಕೇಳಿಸಿತು. ಅವಳು ಗಾಬರಿಯಿಂದ ಹಿಂದಿರುಗಿ ಹಾಲಿನ ಗೋಡೆಗಡಿಯಾರ ನೋಡಿದಳು. 11 ಗಂಟೆ 36.

"ಅಯ್ಯೋ, ಬಸ್ಸು ಹೋಯ್ತು! ನಮ್ಮ ಗಡಿಯಾರ ನೋಡ್ಕೊಂಡು ಕೂತುಬಿಟ್ರಿ."

ಬಿಗಿದ ಕೈಗಡಿಯಾರ ನನ್ನ ಮಣಿಕಟ್ಟಿನಲ್ಲೇ ಇತ್ತು.

"ಗೊತ್ತು," ಅಂದೆ.

ಅವಳು ನನ್ನನ್ನೇ ನೋಡಿದಳು. ಕಿವಿಯ ಅಂಚು ನಿಧಾನಕ್ಕೆ ಕೆಂಪಾಯಿತು. ಒರೆಸಲು ತಟ್ಟೆಯಿಲ್ಲದೆ ಮೇಜನ್ನೇ ಒರೆಸಿದಳು.

"ಮುಂದಿನ ಬಸ್ಸು ಎರಡೂವರೆಗೆ."

"ಅದೂ ಹೋದರೆ?"

"ನಾಳೆ ಬೆಳಗ್ಗೆ ನಾನೂ ಹೊರಡ್ತೀನಿ." ಮೇಜಿನ ಮೂಲೆ ಒರೆಸುತ್ತಾ, "ಪಕ್ಕದ ಸೀಟು ಖಾಲಿ ಇರತ್ತೆ. ಸಾಮಾನ್ಯವಾಗಿ."

"ಹಾಗಾದ್ರೆ ಎರಡೂವರೆ ಬಸ್ಸಿಗೂ ಟಾಟಾ."

ಹನ್ನೆರಡಕ್ಕೆ ಅಜ್ಜಿಯ ಮಧ್ಯಾಹ್ನದ ಧ್ಯಾನ. ನಾವಿಬ್ಬರೂ ಸ್ಟೂಲು ಹಿಡಿದು ಹಾಲಿಗೆ ಹೋದೆವು. ಗಿಡ್ಡ ಕಾಲಿಗೆ ಏನಾದರೂ ಕೊಡಬೇಕಿತ್ತು. ಬ್ಯಾಗಿನಿಂದ ಪತ್ರ ತೆಗೆದು, ಮಡಿಸಿ, ಮತ್ತೆ ಮಡಿಸಿ, ಕೆಳಗಿಟ್ಟೆ. ಸ್ಟೂಲು ಅಲ್ಲಾಡಲಿಲ್ಲ.

"ಏನದು?"

"ಬೇಡದ ಕಾಗದ."

ಅವಳು ಸ್ಟೂಲು ಹತ್ತಿ ಮುಳ್ಳಿಗೆ ಬೆರಳಿಟ್ಟಳು. ನಾನು ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ನನ್ನ ಕೈಗಡಿಯಾರದ ಸ್ಟಾಪ್‌ವಾಚ್ ಹಿಡಿದು ಕಿಟಕಿಯ ಕಡೆ ನೋಡಿದೆ. ಸರಿಯಾಗಿ ಹನ್ನೆರಡಕ್ಕೆ ಮೂರನೆಯ ಕೋಣೆಯ ಬಾಗಿಲು ತೆರೆಯಿತು. ಗುಂಡಿ ಒತ್ತಿದೆ. ಒಂದು ಹೆಜ್ಜೆ, ಕೋಲು, ಇನ್ನೊಂದು ಹೆಜ್ಜೆ. ಅವಳ ಇನ್ನೊಂದು ಕೈ ಆಧಾರಕ್ಕೆಂದು ನನ್ನ ಭುಜದ ಮೇಲೆ ಬಂತು. ಸ್ಟೂಲು ಅಲ್ಲಾಡುತ್ತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಜ್ಜಿ ಹೊಸ್ತಿಲು ದಾಟಿದರು. ಮತ್ತೆ ಗುಂಡಿ ಒತ್ತಿದೆ.

"ಎಷ್ಟು?" ಎಂದು ಪಿಸುಗುಟ್ಟಿದಳು.

ನಾಲ್ಕು ನಿಮಿಷ ಐವತ್ತು ಸೆಕೆಂಡು.

"ಐದು," ಅಂದೆ.