ಸೋನುಬಾಯಿ ಕೂಗಿದ ದರ

"ಕೈ ಹಾಕ್ತೀರೇನ್ರಿ?"

ಹುಮನಾಬಾದಿನ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಷ್ಟೊಂದು ಗಂಡಸರ ನಡುವೆ, ದಲ್ಲಾಳಿ ಭೀಮಶಾ ತನ್ನ ಟವೆಲ್ಲನ್ನು ಮುಂಗೈ ಮೇಲೆ ಇಳಿಬಿಟ್ಟುಕೊಂಡು ಸೋನುಬಾಯಿಯ ಎದುರು ಬಂದು ನಿಂತ.

ಗದ್ದಲವೆಲ್ಲ ಒಮ್ಮೆಲೇ ನಿಂತಿತು. ಹಮಾಲರು ಬೆನ್ನ ಮೇಲಿನ ಚೀಲ ಇಳಿಸದೆಯೇ ತಿರುಗಿ ನೋಡಿದರು.

ಯಾಕೆ ಅಂತೀರಾ? ಆಗ, ಅಂದರೆ ಎಪ್ಪತ್ತೆಂಟನೇ ಇಸವಿಯಲ್ಲಿ, ಅಲ್ಲಿ ತೊಗರಿಯ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವರು ದಲ್ಲಾಳಿಯ ಟವೆಲ್ಲಿನ ಕೆಳಗೆ ಕೈ ಹಾಕಿ ಅವನ ಬೆರಳು ಹಿಡಿದು ಒತ್ತಬೇಕು. ಎಷ್ಟು ಬೆರಳಿಗೆ ಎಷ್ಟು ರೂಪಾಯಿ ಎನ್ನುವುದು ಎಲ್ಲರಿಗೂ ಗೊತ್ತು. ಯಾರು ಎಷ್ಟು ಒತ್ತಿದರು ಎನ್ನುವುದು ಮಾತ್ರ ದಲ್ಲಾಳಿಯೊಬ್ಬನಿಗೇ ಗೊತ್ತು. ಎಲ್ಲರ ಕೈ ಮುಟ್ಟಿ ಬಂದು ಹೆಚ್ಚು ಕೊಟ್ಟವನ ಹೆಸರು ಹೇಳುತ್ತಿದ್ದ. ಹೆಚ್ಚು ಕೊಟ್ಟವಳ ಹೆಸರು ಹೇಳುವ ಪ್ರಸಂಗವೇ ಆವರೆಗೆ ಬಂದಿರಲಿಲ್ಲ. ಪರಗಂಡಸಿನ ಟವೆಲ್ಲಿನೊಳಗೆ ಮರ್ಯಾದಸ್ಥ ಹೆಣ್ಣು ಕೈ ಹಾಕುವುದುಂಟೇ?

ಆದರೆ ಸೋನುಬಾಯಿಗೆ ಬೇರೆ ದಾರಿ ಇರಲಿಲ್ಲ.

ಬಸವಕಲ್ಯಾಣದಲ್ಲಿ ಅವಳದು ತೊಗರಿ ಬೇಳೆ ಮಾಡುವ ದಂಧೆ. ಅಪ್ಪ ಬಿಟ್ಟುಹೋದ ಎರಡು ಬೀಸುಕಲ್ಲು ಈಗ ಎಂಟಾಗಿದ್ದವು. ಹನ್ನೊಂದು ಮಂದಿ ಹೆಂಗಸರು, ಮೂವರು ಗಂಡಸರು ದುಡಿಯುತ್ತಿದ್ದರು. ಚೀಲ ಹೊರುವ ಗಂಡಸಿಗೂ ಕಲ್ಲು ತಿರುಗಿಸುವ ಹೆಂಗಸಿಗೂ ಅವಳಲ್ಲಿ ಒಂದೇ ಕೂಲಿ. ಊರು ಅದಕ್ಕೆ ನಗುತ್ತಿತ್ತು. ನಕ್ಕವರ ಮನೆಯ ಹೆಂಗಸರೇ ಅವಳ ಬಾಗಿಲಿಗೆ ಕೆಲಸ ಕೇಳಿಕೊಂಡು ಬರುತ್ತಿದ್ದರು, ಆ ಮಾತು ಬೇರೆ.

ಕರೆಂಟಿನ ಬೇಳೆ ಮಷೀನು ತರಬೇಕು ಎನ್ನುವುದು ಅವಳ ಕನಸು. ಬ್ಯಾಂಕಿನ ಮ್ಯಾನೇಜರು ಅರ್ಜಿ ಓದಿ ಕನ್ನಡಕದ ಮೇಲಿಂದ ನೋಡಿದ್ದರು.

"ಫೆಬ್ರವರಿ ಮುಗಿಯೂದ್ರೊಳಗ ಐವತ್ತು ಚೀಲ ತೊಗರಿ ನೀವಾ ಗಂಜಿಗೆ ಹೋಗಿ, ನಿಮ್ಮ ಹೆಸರಿಲೇ ತಗೊಂಡು ತೋರಸ್ರಿ. ವ್ಯಾಪಾರ ನಿಮಗ ಬರ್ತದ ಅಂತ ಆಗ ನಂಬ್ತೀನಿ. ಇಲ್ಲಂದ್ರ ಸಾಲದ ಮಾತು ಬ್ಯಾಡ."

ಹಾಗೆ ಬಂದು ನಿಂತಿದ್ದಳು. ಮೂವರು ದಲ್ಲಾಳಿಗಳು ಅವಳನ್ನು ಕಾಣದವರಂತೆ ದಾಟಿ ಹೋದರು. ನಾಲ್ಕನೆಯವನೇ ಭೀಮಶಾ.

ಸೋನುಬಾಯಿ ಕಣ್ಣು ಮುಚ್ಚಿ ಕೈ ಹಾಕಿದಳು. ಬೆಚ್ಚಗಿನ, ಒರಟಾದ ಅಂಗೈ… ಎಣಿಕೆ ತಪ್ಪದೆ ಬೆರಳು ಒತ್ತಿದಳು. ಅವನು ತಲೆಯಾಡಿಸಿದ, ಕೈ ಬಿಟ್ಟ, ಮುಂದೆ ಹೋದ. ಬೇಕಾದುದಕ್ಕಿಂತ ಒಂದು ಗಳಿಗೆಯೂ ಹೆಚ್ಚು ಹಿಡಿಯಲಿಲ್ಲ.

ಸುತ್ತು ಮುಗಿಸಿ ಬಂದು ಹೇಳಿದ: "ಹತ್ತು ಚೀಲ. ಕಲ್ಯಾಣದ ಸೋನುಬಾಯಿ."

ಅಂದು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಅವಳು ತನ್ನ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು. ಜೊತೆಗೆ ಬಂದಿದ್ದ ಗಯಾಬಾಯಿ, ಅವಳಲ್ಲಿ ಕಲ್ಲು ತಿರುಗಿಸುವ ಹಿರಿಯಾಕೆ, ನೋಡಿಯೂ ನೋಡದವಳಂತೆ ಎಲೆ ಅಡಿಕೆ ಜಗಿಯುತ್ತಿದ್ದಳು.

ಎರಡನೇ ವಾರ, ಮೂರನೇ ವಾರ… ಪ್ರತಿ ಸಲವೂ ಹತ್ತು ಚೀಲ. ತೂಕ ಮುಗಿಯುವವರೆಗೆ ಇಬ್ಬರೂ ಚಹಾ ಕುಡಿಯುವುದು ರೂಢಿಯಾಯಿತು.

"ಕೂಲಿ ಎಲ್ಲರಿಗೂ ಬರಾಬರ್ ಕೊಡ್ತೀರಂತ. ಹ್ಯಾಂಗ ಪೂರೈಸ್ತದ್ರಿ?"

"ಅರ್ಧ ಕೂಲಿ ಕೊಟ್ರ ಅರ್ಧ ಮನಸ್ಸಿಲೇ ಒಡೀತಾರ. ನುಚ್ಚು ಜಾಸ್ತಿ ಬೀಳ್ತದ. ಪೂರಾ ಕೊಟ್ರ ನನಗಾ ಫಾಯದಾ."

ಭೀಮಶಾ ನಕ್ಕ. ಆಮೇಲೆ ನೆಲ ನೋಡುತ್ತ ಕೇಳಿದ. "ಮದುವಿ… ಯಾಕ ಆಗಿಲ್ರಿ?"

"ಎರಡ ಸಲ ನಿಶ್ಚಯ ಆಗಿತ್ತು. ಒಬ್ಬಾಂವ ದಂಧೆ ಬಿಡು ಅಂದ. ಇನ್ನೊಬ್ಬಾಂವ ದಂಧೆ ತನ್ನ ಹೆಸರಿಗೆ ಬರದು ಕೊಡು ಅಂದ. ಇಬ್ಬರಿಗೂ ಕೈ ಮುಗಿದು ಕಳಿಸಿದೆ."

ಭೀಮಶಾ ತನ್ನ ಚಹಾ ಆರಿ ತಣ್ಣಗಾಗುವವರೆಗೂ ಅವಳನ್ನೇ ನೋಡುತ್ತಿದ್ದ.

ಈ ಮನುಷ್ಯ ನನಗೆ ಬೇಕು ಎಂದು ಸೋನುಬಾಯಿಗೆ ಅಂದೇ ಅನ್ನಿಸಿತು. ಅನ್ನಿಸಿದ್ದಕ್ಕೆ ಭಯವೂ ಆಯಿತು. ಇವನೂ ನಾಳೆ ಅದೇ ಮಾತು ಆಡಿದರೆ?

ನಾಲ್ಕನೇ ವಾರ ಗಂಜಿನಲ್ಲಿ ಗುಸುಗುಸು ಶುರುವಾಗಿತ್ತು. ಅವಳ ಬೆನ್ನ ಹಿಂದೆ ಯಾರೋ ಹೇಳಿದರು: "ಭೀಮಶಾನ ಮೆಹರ್ಬಾನಿ ಇದ್ರ ಯಾರಿಗೆ ಬೇಕಾದ್ರೂ ಮಾಲು ಸಿಗ್ತದ." ನಾಲ್ಕು ಜನ ನಕ್ಕರು. ಅದು ಭೀಮಶಾನ ಕಿವಿಗೂ ಬಿತ್ತು. ಅವನ ಮುಖ ಕಪ್ಪಿಟ್ಟಿತು. ಆ ದಿನವೂ ಹತ್ತು ಚೀಲ ಸಿಕ್ಕಿತು, ಆದರೆ ಅವನು ಚಹಾಕ್ಕೆ ಬರಲಿಲ್ಲ.

ಐದನೇ ವಾರ ಬಂತು. ಫೆಬ್ರವರಿಯ ಕೊನೆಯ ವಹಿವಾಟು. ಬೇಕಾದದ್ದು ಇನ್ನು ಹತ್ತೇ ಚೀಲ. ಇವತ್ತು ಸಿಕ್ಕರೆ ಮಷೀನು, ಸಿಗದಿದ್ದರೆ ಮತ್ತೆ ಬೀಸುಕಲ್ಲು.

ಅವಳು ಹೋದಾಗ ಭೀಮಶಾನ ಹೆಗಲ ಮೇಲೆ ಟವೆಲ್ಲೇ ಇರಲಿಲ್ಲ!

ತೊಗರಿಯ ರಾಶಿಯ ಪಕ್ಕ ಚೀಲದ ಮೇಲೆ ಹತ್ತಿ ನಿಂತಿದ್ದ. ಅವಳ ಕಡೆ ನೋಡಿದ, ತಟ್ಟನೆ ಮುಖ ತಿರುಗಿಸಿದ. "ಇವತ್ತಿಂದ ದರ ಬಾಯಿಲೇ ಕೂಗ್ರಿ. ಕೈ ಹಾಕೂದು ಏನಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಸೋನುಬಾಯಿಯ ಮೈಯೆಲ್ಲ ಬಿಸಿಯಾಯಿತು. ನನ್ನ ಕೈ ಮುಟ್ಟುವುದಕ್ಕೆ ಇವನಿಗೆ ನಾಚಿಕೆಯಾಯಿತು. ನಾಲ್ಕು ಜನ ನಕ್ಕದ್ದಕ್ಕೇ ಹೆದರಿಬಿಟ್ಟ. ಒಂದು ಮಾತು ಮೊದಲೇ ಹೇಳಬಾರದಿತ್ತೇ? ಹೀಗೆ ನಡುಗಂಜಿನಲ್ಲಿ…

ಕಣ್ಣು ತುಂಬಿ ಬಂದವು. ಯಾರಿಗೂ ಕಾಣಬಾರದೆಂದು ಸೆರಗು ಎಳೆದುಕೊಂಡು ಸರಸರ ನಡೆದಳು. ಗಯಾಬಾಯಿ ಏದುಸಿರು ಬಿಡುತ್ತ ಓಡಿ ಬಂದು ಗಂಜಿನ ಗೇಟಿನ ಹತ್ತಿರ ಅವಳ ತೋಳು ಹಿಡಿದಳು.

"ಎಲ್ಲಿಗೆ ಹೊಂಟಿ?"

"ಊರಿಗೆ. ಅಂವ ನನ್ನ ಮುಖಾ ಸುದ್ದಾ ನೋಡವಲ್ಲ, ಗಯಕ್ಕಾ."

"ನೀ ಇಲ್ಲಿಗೆ ಬಂದದ್ದು ತೊಗರಿ ತಗೊಳ್ಳಾಕೋ, ಅವನ ಕೈ ಹಿಡ್ಕೊಳ್ಳಾಕೋ? ಹನ್ನೊಂದು ಮಂದಿ ಹೆಣ್ಮಕ್ಕಳು ಮಷೀನು ಬರ್ತದ ಅಂತ ಕುಂತಾರ. ಅಳೂದಿದ್ರ ಬಸ್ಸಿನ್ಯಾಗ ಅಳು. ಈಗ ನಡಿ."

ನೋಡಿ, ಪ್ರೀತಿಯಲ್ಲಿ ಬಿದ್ದವರಿಗೆ ಇಂಥವರೊಬ್ಬರು ಜೊತೆಗಿರಬೇಕು. ಸೋನುಬಾಯಿ ಕಣ್ಣೊರೆಸಿಕೊಂಡು ತಿರುಗಿದಳು.

ಒಳಗೆ ಹರಾಜು ನಡೆದಿತ್ತು. "ಎರಡ್ನೂರಾ ಎಂಬತ್ತೈದು," ಎಂದು ಯಾರೋ ಕೂಗಿದರು.

"ಎರಡ್ನೂರಾ ತೊಂಬತ್ತು."

ಆ ಗಂಜಿನಲ್ಲಿ ಹೆಣ್ಣುದನಿಯೊಂದು ದರ ಕೂಗಿದ್ದು ಅದೇ ಮೊದಲು. ಕೂಗಿ, ಗಂಡಸರನ್ನು ದಾಟಿ ರಾಶಿಯ ಹತ್ತಿರ ಬಂದು ನಿಂತಳು.

"ಮುನ್ನೂರು," ಎಂದ ಒಬ್ಬ ವ್ಯಾಪಾರಿ, ಅವಳನ್ನು ದುರುಗುಟ್ಟಿ ನೋಡುತ್ತ.

"ಮುನ್ನೂರಾ ಎರಡು."

ಅದರ ಮೇಲೆ ಯಾರೂ ಕೂಗಲಿಲ್ಲ. ಭೀಮಶಾ ಮೂರು ಸಲ ಎಣಿಸಿದ. ಮೂರನೆಯದರ ಹೊತ್ತಿಗೆ ಅವನ ದನಿ ಒಡೆಯಿತು. "ಹತ್ತು ಚೀಲ… ಕಲ್ಯಾಣದ ಸೋನುಬಾಯಿ."

ಮಾಲು ತಂದಿದ್ದ ಹಳ್ಳಿಖೇಡದ ಲಾಲಪ್ಪ ಎದ್ದು ನಿಂತು ಅವಳಿಗೆ ಕೈ ಮುಗಿದ. "ಇಪ್ಪತ್ತು ವರ್ಷ ಆತವ್ವ ಇಲ್ಲಿ ಮಾಲು ತರಾಕತ್ತು. ನನ್ನ ತೊಗರಿ ದರಾ ನನ್ನ ಕಿವೀಲೆ ಇವತ್ತಾ ಕೇಳಿದೆ."

ಸೋನುಬಾಯಿ ಅಲ್ಲೇ ಚೀಲದ ಮೇಲೆ ಕೂತುಬಿಟ್ಟಳು. ಐವತ್ತು ಪೂರಾ ಆಗಿತ್ತು.

ಭೀಮಶಾ ಮೆಲ್ಲಗೆ ಹತ್ತಿರ ಬಂದ.

"ಸಿಟ್ಟಾಗೀರೇನ್ರಿ?"

"ನಂದೇನು ಸಿಟ್ಟು? ನನ್ನ ಕೈ ಹಿಡಿಯಾಕ ನಿಮಗ ನಾಚಿಕಿ ಬಂದಿರಬೇಕು."

ಅವನು ಬೆಚ್ಚಿ ನೋಡಿದ. "ಹಂಗಂದ್ಕೊಂಡ್ರಾ…? ಟವೆಲ್ಲಿನೊಳಗ ಏನ್ ನಡದದ ಅಂತ ಯಾರಿಗೂ ಕಾಣಲ್ರಿ. ಅದಕ್ಕಾ ಮಾಲು ನಿಮಗ ನನ್ನ ದಯಾದಿಂದ ಸಿಕ್ತು ಅಂದ್ರು. ಇದು ಬ್ಯಾಂಕಿನವರ ಕಿವಿಗೆ ಬಿದ್ರ ಏನ್ ಗತಿ? ಇವತ್ತ ನೀವು ಕೂಗಿದ್ದು ಎಲ್ಲಾರೂ ಕೇಳ್ಯಾರ. ಇನ್ನ ಯಾರೂ ಅನ್ನಾಕ ಆಗಲ್ಲ."

ಅವಳು ಮುಖದ ಮೇಲಿನ ಸೆರಗು ಸರಿಸಿ ಅವನನ್ನು ನೋಡಿದಳು.

"ಇನ್ನೊಂದು. ನಿಮ್ಮ ಹಿಂದ ನಾಳೆ ಇನ್ನೊಬ್ಬಾಕಿ ಬರ್ತಾಳ. ದಲ್ಲಾಳಿ ನಾನಾ ಇರ್ತೀನಂತ ಏನ್ ಗ್ಯಾರಂಟಿ? ಯಾರದಾರ ಕೈಯಾಗ ಆಕಿ ಯಾಕ ಕೈ ಇಡಬೇಕ್ರಿ? ಎಂಟು ದಿನ ಎಲ್ಲಾರ ಜೋಡಿ ಜಗಳ ಆಡಿದೆ. ನಮ್ಮ ಅಡತಿ ಅಂಗಡಿ ಮಾಲೀಕ ತುಳಜಾರಾಮ ಸೇಠ್ ನೌಕರಿಯಿಂದ ತಗದಹಾಕ್ತೀನಿ ಅಂದ್ರು. ಹಾಕ್ರಿ ಅಂದೆ. ಇವತ್ತ ಮುಂಜಾನೆ ಒಪ್ಪಿದ್ರು."

"ಮತ್ತ ಮುಖಾ ಯಾಕ ತಿರುಗಿಸಿದ್ರಿ?"

"ನಿಮ್ಮನ್ನ ನೋಡ್ಕೋತ ನಿಂತ್ರ ನನಗ ದನೀ ಬರ್ತಿರಲಿಲ್ರಿ," ಎಂದ ಅವನು. ಕಿವಿಯವರೆಗೂ ಕೆಂಪಾಗಿದ್ದ.

ಅಯ್ಯೋ ದೇವರೇ… ಈ ಮನುಷ್ಯನನ್ನು ಬಿಟ್ಟು ಬಸ್ಸು ಹತ್ತುತ್ತಿದ್ದೆನಲ್ಲ ಎಂದು ಸೋನುಬಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಸಾಲ ಮಂಜೂರಾಯಿತು. ಏಪ್ರಿಲ್‌ನಲ್ಲಿ ಮಷೀನು ಬಂತು. ಗಯಾಬಾಯಿ ಸ್ವಿಚ್ಚು ಒತ್ತಿದಾಗ ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡು ನಕ್ಕರು. ಹುಮನಾಬಾದಿನಿಂದ ಭೀಮಶಾ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಎಲ್ಲರೂ ಊಟಕ್ಕೆ ಎದ್ದ ಮೇಲೂ ಅಲ್ಲೇ ನಿಂತಿದ್ದ.

"ಒಂದ ಮಾತು ಕೇಳಬೇಕಿತ್ತು…"

"ಮೊದಲ ನಂದು ಕೇಳ್ರಿ," ಎಂದಳು ಅವಳು ಒಂದೇ ಉಸಿರಿಗೆ. "ಮಷೀನು ನನ್ನ ಹೆಸರಿಲೇ ಇರ್ತದ. ದಂಧೆ ನಾ ಬಿಡಲ್ಲ. ಕಲ್ಯಾಣ ಬಿಟ್ಟು ಬರಲ್ಲ."

"ಮುಗೀತೇನ್ರಿ?"

"ಮುಗೀತು."

"ನಾ ಇನ್ನಾ ಏನೂ ಕೇಳೇ ಇಲ್ಲಲ್ರಿ."

ಸೋನುಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಹಂಗಾರ ಕೇಳ್ರಿ," ಎಂದಳು ನೆಲ ನೋಡುತ್ತ.

"ಕಲ್ಯಾಣದಾಗ ನನಗ ಇರಾಕ ಒಂದು ಜಾಗಾ ಬೇಕಿತ್ತು. ನಿಮ್ಮ ಮನ್ಯಾಗ ಸಿಗ್ತದೇನು… ಅಂತ."

ಅವಳು ತಲೆ ಎತ್ತಿದಳು. ಎರಡು ಸಲ ಮುರಿದ ಮನಸ್ಸು, ಅಷ್ಟು ದಿನ ಹೊತ್ತ ಭಯ, ಎಲ್ಲ ಒಂದೇ ಸಲಕ್ಕೆ ಹಗುರವಾಯಿತು. ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಮಂದಿ ಮನಿಅಳಿಯ ಅಂತಾರ."

"ಅನ್ಲಿ. ದಿನಾ ಮುಂಜಾನೆ ಬಸ್ಸಿಗೆ ಗಂಜಿಗೆ ಹೋಗ್ತೀನಿ, ಸಂಜಿಗೆ ಬರ್ತೀನಿ. ಒಂದು ಬುತ್ತಿ ಕಟ್ಟಿಕೊಟ್ರ ಸಾಕು."

"ಮುಂಜಾನೆ ಆರಕ್ಕ ನನ್ನ ಮಷೀನು ಶುರು ಆಗ್ತದ. ಬುತ್ತಿ ಯಾರು ಕಟ್ಟಬೇಕು?"

ಭೀಮಶಾ ತಲೆ ಕೆರೆದುಕೊಂಡ. "ನನಗ ರೊಟ್ಟಿ ಬಡಿಯಾಕ ಬರಲ್ಲಲ್ಲ, ಸೋನು."

ಅವನು ಹಾಗೆ ಕರೆದದ್ದು ಅದೇ ಮೊದಲು.

"ಕಲಿಸ್ತೀನಿ," ಎಂದಳು ಅವಳು. "ಮೊದಲ ನಾಲ್ಕು ದಿನ ಹೊತ್ತತಾವ. ಇಬ್ರೂ ಹೊತ್ತಿದ್ದಾ ತಿನ್ನೂಣು."